‘ಹ್ಯಾಂಡ್‌ಫೀಡ್ ಬೇಬಿ’ ಎಂದು ಮಾರುವವರಿಗೆ ಮುಂಗಡ ಕಳುಹಿಸುವ ಮೊದಲು

ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಗಿಳಿಯ ಮರಿ ಕೊಳ್ಳುವ ಯೋಚನೆಯಲ್ಲಿರುವವರು, ಅದರಲ್ಲೂ ‘ಹ್ಯಾಂಡ್‌ಫೀಡ್ ಬೇಬಿ, ಪೂರ್ತಿ ಟೇಮ್ ಆಗುತ್ತದೆ’ (ಕೈತುತ್ತು ಉಣಿಸಿ ಬೆಳೆಸುವ ಮರಿ, ಪೂರ್ತಿ ಪಳಗುತ್ತದೆ) ಎಂಬ ಜಾಹೀರಾತು ನೋಡಿ ಮುಂಗಡ ಹಣ ಕಳುಹಿಸಲು ಹೊರಟಿರುವವರು, ದಯವಿಟ್ಟು ಸ್ವಲ್ಪ ತಡೆಯಿರಿ. ತಾನಾಗಿ ಕಾಳು ತಿನ್ನಲು ಬಾರದ ಮರಿಯನ್ನು ಯಾರು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಹಾಗೆ ಬಂದ ಎರಡು ಮರಿಗಳಲ್ಲಿ ಒಂದು ನಮ್ಮ ಮನೆಯಲ್ಲಿ ಸತ್ತಿದೆ. ಅದನ್ನು ಕೊಂದವರು ನಾವೇ ಎಂದು ಮಾರಿದವನು ವಾಟ್ಸಾಪ್‌ನಲ್ಲಿ ಬರೆದು ಕಳುಹಿಸಿದ್ದಾನೆ.

ನಾವಿರುವುದು ಶಿವಮೊಗ್ಗದಲ್ಲಿ, ಅವನಿರುವುದು ಬೆಂಗಳೂರಿನಲ್ಲಿ. ಈ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದು ಹಕ್ಕಿ ಸಾಕುವವರಿಗೆಲ್ಲ ಗೊತ್ತಿರುವುದೇ. ಫೋಟೋ ನೋಡಿ ಮರಿ ಆರಿಸುವುದು, ಯುಪಿಐನಲ್ಲಿ ಅರ್ಧ ಹಣ ಹಾಕುವುದು, ಬಸ್ಸಿಗೆ ಪಾರ್ಸೆಲ್ ಕೊಟ್ಟ ಚೀಟಿಯ ಚಿತ್ರ ಬಂದ ಮೇಲೆ ಉಳಿದರ್ಧ ಹಾಕುವುದು, ಬೆಳಿಗ್ಗೆ ಹೋಗಿ ಡಬ್ಬ ಬಿಡಿಸಿಕೊಳ್ಳುವುದು. ಎಲ್ಲವೂ ಹಾಗೆಯೇ ನಡೆಯಿತು. ಅವನು ಕಳುಹಿಸಿದ ಫೋಟೋದಲ್ಲಿ ಜುಟ್ಟಿನ ಗರಿ ಮೂಡಿದ್ದ, ಕಾಲೂರಿ ನಿಂತಿದ್ದ ಎರಡು ಹಳದಿ ಮರಿಗಳಿದ್ದವು. “22 ದಿನದ ಲುಟಿನೊ ಜೋಡಿ ಅಕ್ಕಾ, ದಿನಕ್ಕೆ ಮೂರು ಸಲ ಫಾರ್ಮುಲಾ ಕೊಟ್ರೆ ಸಾಕು, ಇನ್ನೆರಡು ವಾರದಲ್ಲಿ ಸೆಲ್ಫ್ ಆಗ್ತವೆ” ಎಂದ. ಲುಟಿನೊ ಎಂದರೆ ಕೆಂಗಣ್ಣಿನ ಹಳದಿ ಬಗೆ, ಫಾರ್ಮುಲಾ ಎಂದರೆ ನೀರಿನಲ್ಲಿ ಕಲಸಿ ಉಣಿಸುವ ಪುಡಿ, ಸೆಲ್ಫ್ ಎಂದರೆ ತಾನಾಗಿ ತಿನ್ನುವುದು. ಎರಡು ವಾರದ ಮಾತು ಸುಳ್ಳು. ಕಾಕಟೀಲ್ ಮರಿ ಪೂರ್ತಿಯಾಗಿ ಕೈತುತ್ತು ಬಿಡಲು ಏಳೆಂಟು ವಾರ ಬೇಕು, ಕೆಲವಕ್ಕೆ ಹತ್ತು ವಾರವಾದರೂ ಆಗುತ್ತದೆ. ಜೋಡಿಗೆ 3,500 ರೂಪಾಯಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ ‘ಇಂಪೋರ್ಟೆಡ್’ ಫಾರ್ಮುಲಾಕ್ಕೆ ಬೇರೆ 400.

ಪಾರ್ಸೆಲ್ ಕೌಂಟರಿನ ಹೊರಗಿನ ಕಟ್ಟೆಯ ಮೇಲೆಯೇ ಡಬ್ಬ ತೆರೆದೆವು. ಮರಿಗಳು ಕಣ್ಣು ಬಿಟ್ಟಿರಲಿಲ್ಲ. ಮತ್ತೊಮ್ಮೆ ಬರೆಯುತ್ತೇನೆ, ಮರಿಗಳು ಇನ್ನೂ ಕಣ್ಣನ್ನೇ ಬಿಟ್ಟಿರಲಿಲ್ಲ. ಕಾಕಟೀಲ್ ಮರಿ ಕಣ್ಣು ತೆರೆಯುವುದು ಸುಮಾರು ಒಂಬತ್ತು ಹತ್ತು ದಿನಕ್ಕೆ; ಅಂದರೆ ಇವು ಮೊಟ್ಟೆಯೊಡೆದು ಹೆಚ್ಚೆಂದರೆ ಒಂದು ವಾರವಾಗಿದ್ದ ಮರಿಗಳು. ಗುಲಾಬಿ ಬಣ್ಣದ ಚರ್ಮ, ಅದರ ಮೇಲೆ ಅಲ್ಲಲ್ಲಿ ಹಳದಿ ತುಪ್ಪಳ, ಎತ್ತಿದರೆ ನಿಲ್ಲದ ತಲೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಕಪ್ಪಗೆ ಕಾಣುತ್ತಿತ್ತು. ಲುಟಿನೊ ಮರಿಯಾಗಿದ್ದರೆ ಅದು ಹುಟ್ಟಿದಾಗಿನಿಂದಲೇ ಕೆಂಪಗಿರುತ್ತದೆ, ಹಾಗಾಗಿ ಬಣ್ಣದ ಮಾತೂ ಸುಳ್ಳು. ಮಳೆಗಾಲದ ರಾತ್ರಿಯಿಡೀ, ಮೈಯಲ್ಲಿ ಪುಕ್ಕವಿಲ್ಲದ, ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದ ಜೀವಗಳನ್ನು ಒಂದು ರಟ್ಟಿನ ಡಬ್ಬದಲ್ಲಿ ಮರದ ಹೊಟ್ಟಿನ ಮೇಲೆ ಹಾಕಿ, ಬಸ್ಸಿನ ಡಿಕ್ಕಿಗೆ ತಳ್ಳಿದ್ದ. ಮುಟ್ಟಿದರೆ ತಣ್ಣಗಿದ್ದವು. ಕೌಂಟರಿನಲ್ಲಿದ್ದ ಹುಡುಗ ಇಣುಕಿ ನೋಡಿ “ಇಲಿ ಮರಿನಾ ಅಕ್ಕ?” ಎಂದು ಕೇಳಿದ. ಅವನಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. “ಚಿಕ್ಕದಾದಷ್ಟೂ ಒಳ್ಳೇದಲ್ವಾ ಅಕ್ಕಾ, ನಿಮ್ಮನ್ನೇ ಅಮ್ಮ ಅಂದ್ಕೊಳ್ಳುತ್ತೆ” ಎಂದು ನಕ್ಕ. ಫೋಟೋದಲ್ಲಿದ್ದ ಮರಿಗಳೆಲ್ಲಿ ಎಂದು ಕೇಳಿದಾಗ “ಅದು ಸ್ಯಾಂಪಲ್ ಮೇಡಂ” ಎಂದ. ಹಣ ಹಿಂತಿರುಗಿಸಿ, ಮರಿಗಳನ್ನೂ ವಾಪಸು ತೆಗೆದುಕೊಳ್ಳಿ ಎಂದಾಗ “ಲೈವ್ ಐಟಂಗೆ ರಿಟರ್ನ್ ಇಲ್ಲ ಮೇಡಂ, ಜೀವಂತ ತಲುಪಿದೆಯಲ್ಲ, ನಮ್ಮ ಗ್ಯಾರಂಟಿ ಅಲ್ಲಿಗೆ ಮುಗೀತು” ಎಂದು ಇಟ್ಟುಬಿಟ್ಟ. ಹಣ ಸಂದಾಯವಾಗುವವರೆಗೆ ಅಕ್ಕನಾಗಿದ್ದವಳು ಒಂದೇ ಫೋನಿನೊಳಗೆ ಮೇಡಂ ಆಗಿದ್ದೆ. ಜೀವ ಹೋಗಿ ಬರುತ್ತಿದ್ದ ಮರಿ ಅವನ ಬಾಯಲ್ಲಿ ಐಟಂ ಆಗಿತ್ತು.

ದಿನಕ್ಕೆ ಮೂರು ಸಲ ಎಂದಿದ್ದನಲ್ಲ, ಆ ವಯಸ್ಸಿನ ಮರಿಗೆ ಎರಡು ಮೂರು ಗಂಟೆಗೊಮ್ಮೆ ಉಣಿಸಬೇಕು, ನಡುರಾತ್ರಿಯೂ ಏಳಬೇಕು. ಆಗತಾನೆ ಮೊಟ್ಟೆಯಿಂದ ಬಂದ ಮರಿಗೆ 35-36 ಡಿಗ್ರಿ ಸೆಲ್ಸಿಯಸ್ ಶಾಖದ ಬ್ರೂಡರ್, ಅಂದರೆ ಬೆಚ್ಚಗಿಡುವ ಪೆಟ್ಟಿಗೆ ಬೇಕು, ಪುಕ್ಕದ ಮೊಳೆ ಬಂದ ಹಾಗೆಲ್ಲ ಅದನ್ನು ನಿಧಾನವಾಗಿ ಇಳಿಸುತ್ತ ಬರಬೇಕು. ಫಾರ್ಮುಲಾ 39ರಿಂದ 41 ಡಿಗ್ರಿಯೊಳಗೆ ಇರಬೇಕು ಮತ್ತು ಅದನ್ನು ಬೆರಳದ್ದಿ ನೋಡಿ ಅಂದಾಜು ಮಾಡುವಂತಿಲ್ಲ, ಥರ್ಮಾಮೀಟರ್ ಬೇಕೇ ಬೇಕು. ಹೆಚ್ಚಾದರೆ ಕತ್ತಿನ ಬುಡದಲ್ಲಿರುವ ಕ್ರಾಪ್ ಎಂಬ ಚೀಲ ಒಳಗಿನಿಂದ ಸುಟ್ಟು ಕೆಲವು ದಿನಗಳ ನಂತರ ತೂತೇ ಬೀಳುತ್ತದೆ, ಕಡಿಮೆಯಾದರೆ ಆಹಾರ ಅಲ್ಲೇ ನಿಂತು ಹುಳಿಯುತ್ತದೆ. ಒಂದು ಹೊತ್ತಿಗೆ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಕೊಡಬೇಕು. ಸಿರಿಂಜನ್ನು ಮರಿಯ ಎಡಗಡೆಯಿಂದ ಬಾಯಿಗಿಟ್ಟು ಬಲಕ್ಕೆ ಹರಿಸಬೇಕು, ಅದು ತಲೆ ಕುಣಿಸಿ ನುಂಗಲು ಶುರುಮಾಡಿದಾಗ ಮಾತ್ರ ಒತ್ತಬೇಕು. ಇಲ್ಲದಿದ್ದರೆ ನಾಲಿಗೆಯ ಬುಡದಲ್ಲಿರುವ ಉಸಿರಿನ ದಾರಿಗೆ ಆಹಾರ ನುಗ್ಗಿ ಮರಿ ಕೈಯಲ್ಲೇ ಸಾಯುತ್ತದೆ. ಮಾರಿದವನು ಕಳುಹಿಸಿದ್ದ ವಿಡಿಯೊದಲ್ಲಿ ಸಿರಿಂಜನ್ನು ನೇರವಾಗಿ ಗಂಟಲಿಗೆ ತುರುಕಿ ಒಂದೇ ಬಾರಿಗೆ ಒತ್ತಿಬಿಡುತ್ತಾನೆ. “ಬಾಯಿ ಬಿಡ್ಲಿಲ್ಲ ಅಂದ್ರೆ ಟ್ಯೂಬ್ ಹಾಕಿ, ಏನೂ ಆಗಲ್ಲ” ಎಂಬ ಉಪದೇಶ ಬೇರೆ.

ಇದೆಲ್ಲವನ್ನೂ ಥರ್ಮಾಮೀಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಬಲ್ಬು ಕಟ್ಟಿದ ಟಬ್ಬು ಇಟ್ಟುಕೊಂಡು, ಮನೆಯವರೆಲ್ಲ ಸರದಿಯ ಮೇಲೆ ನಿದ್ದೆಗೆಟ್ಟು ಮಾಡಿದೆವು. ಆದರೂ ಚಿಕ್ಕ ಮರಿಯ ಕ್ರಾಪ್ ಖಾಲಿಯಾಗುತ್ತಿರಲಿಲ್ಲ. ಬೆಳಗಿನ ಮೊದಲ ತುತ್ತಿನ ಹೊತ್ತಿಗೂ ಹಿಂದಿನ ರಾತ್ರಿಯದು ಹಾಗೆಯೇ ಇರುತ್ತಿತ್ತು. ಪಶುವೈದ್ಯರು ಮರಿಯನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಕ್ರಾಪ್ ಒಳಗಿದ್ದದ್ದು ಆರಿದ ಮುದ್ದೆಯಂತೆ ಗಟ್ಟಿಯಾಗಿತ್ತು, ಬಾಯಿಂದ ಹುಳಿವಾಸನೆ ಬರುತ್ತಿತ್ತು. ನಮ್ಮ ಫಾರ್ಮುಲಾ ಚೀಲವನ್ನು ಬಿಚ್ಚಿ ಮೂಸಿ, ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಂಡು, “ಇದರಲ್ಲಿ ಹಾಲಿನ ಪುಡಿಯಿದೆಯಲ್ಲಮ್ಮ, ಸಕ್ಕರೆಯೂ ಇದೆ, ಇದನ್ನು ಯಾರು ಕೊಟ್ಟರು?” ಎಂದು ಕೇಳಿದರು. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಇಂಪೋರ್ಟೆಡ್ ಎಂದು 400 ರೂಪಾಯಿಗೆ ಬಂದದ್ದು ಮನುಷ್ಯರ ಕೂಸಿಗೆ ತಿನ್ನಿಸುವ ಪುಡಿಗೆ ಕಡಲೆಹಿಟ್ಟು ಬೆರೆಸಿದಂತಿದ್ದ ಏನೋ ಒಂದು. ಪ್ರತಿ ಹೊತ್ತೂ ಡಿಗ್ರಿ ನೋಡಿ, ತೂಕ ನೋಡಿ, ನಾವು ಕೊಡುತ್ತಿದ್ದದ್ದು ಅದನ್ನೇ. ವೈದ್ಯರೆದುರು ಕೂತಿದ್ದಾಗ ಆದ ಅವಮಾನಕ್ಕಿಂತ ಆ ಚೀಲದ ಮೇಲಿನ ಸಿಟ್ಟೇ ಹೆಚ್ಚು, ಅದು ಇವತ್ತಿಗೂ ಇಳಿದಿಲ್ಲ. ಮರಿ ಮರುದಿನ ಸತ್ತಿತು.

ಸತ್ತ ಮರಿಯ ಚಿತ್ರ, ವೈದ್ಯರ ಚೀಟಿ ಎರಡನ್ನೂ ಕಳುಹಿಸಿದಾಗ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು, “ನೀವು ಬಿಸಿ ಜಾಸ್ತಿ ಕೊಟ್ಟಿದ್ದೀರಾ.” ಥರ್ಮಾಮೀಟರಿನ ಚಿತ್ರ ಕಳುಹಿಸಿದೆ. “ಹಾಗಾದ್ರೆ ತಣ್ಣಗೆ ಕೊಟ್ಟಿದ್ದೀರಾ.” ಅದೇ ಚಿತ್ರವನ್ನು ಮತ್ತೆ ಕಳುಹಿಸಿದೆ. “ನಿಮ್ಮೂರಲ್ಲಿ ಚಳಿ ಮೇಡಂ, ಅದಕ್ಕೆ ನಾನೇನು ಮಾಡ್ಲಿ.” ಪುಡಿಯಲ್ಲಿ ಹಾಲು ಹೇಗೆ ಬಂತು ಎಂಬ ಪ್ರಶ್ನೆಗೆ, “ಎಲ್ಲಾ ಬ್ರೀಡರೂ ಇದನ್ನೇ ಕೊಡೋದು, ಬೇರೆಯವರಿಗೆ ಏನೂ ಆಗಿಲ್ಲ.” ಕೊನೆಯದಾಗಿ, “ಕೈಯಲ್ಲಿ ಆಗಲ್ಲ ಅಂದ್ರೆ ಬೇಬಿ ತಗೋಬಾರ್ದು ಮೇಡಂ, ಪಾಪ ಒಂದು ಜೀವ ಹೋಯ್ತು.” ಪಾಪದ ಮಾತನ್ನು ನನಗೆ ಹೇಳಿದವನು ಅವನು! ಸಂದೇಶದ ಕೆಳಗೆ ಕೈಮುಗಿದ ಚಿತ್ರ ಬೇರೆ.

ಆ ಉತ್ತರಗಳನ್ನು ಆಮೇಲೆ ಸಮಾಧಾನವಾಗಿ ಓದಿದಾಗ ಈ ವ್ಯಾಪಾರದ ಒಳಗುಟ್ಟು ಕಂಡಿತು. ಕೈತುತ್ತಿನ ಮರಿ ಬಿಸಿಗೂ ಸಾಯುತ್ತದೆ, ತಣ್ಣನೆಯದಕ್ಕೂ ಸಾಯುತ್ತದೆ, ಹೆಚ್ಚಿಗೂ ಸಾಯುತ್ತದೆ, ಕಡಿಮೆಗೂ ಸಾಯುತ್ತದೆ; ಹಾಗಾಗಿ ಯಾವ ಮರಿ ಯಾರ ಮನೆಯಲ್ಲಿ ಸತ್ತರೂ ಕೊಂಡವರ ಮೇಲೆ ಹೊರಿಸಲು ಒಂದು ಕಾರಣ ಯಾವಾಗಲೂ ಸಿದ್ಧವಾಗಿರುತ್ತದೆ. ಗೂಡಿನಿಂದ ಬೇಗ ಮರಿ ಕಿತ್ತರೆ ಜೋಡಿ ಬೇಗ ಮತ್ತೆ ಮೊಟ್ಟೆಯಿಡುತ್ತದೆ, ವಾರಗಟ್ಟಲೆ ಉಣಿಸುವ ದುಡಿಮೆ ಉಳಿಯುತ್ತದೆ, ಸಾವಿನ ನಷ್ಟವೂ ನಮ್ಮ ಮನೆಗೆ ಬರುತ್ತದೆ. ಚಿಕ್ಕದಾದಷ್ಟೂ ಹೊಂದಿಕೊಳ್ಳುತ್ತದೆ ಎಂಬ ಮಾತು ಈ ಲಾಭವನ್ನು ಮುಚ್ಚಿಡಲು ಹೇಳುವ ಮಾತು. ತಿಳಿದು ಸಾಕುವವರು ಎರಡು ಮೂರು ವಾರ ತಾಯಿತಂದೆಯ ಬಳಿಯೇ ಬಿಟ್ಟು ಆಮೇಲೆ ತೆಗೆದು ಉಣಿಸುತ್ತಾರೆ, ಕಾಳು ಒಡೆಯಲು ಕಲಿತ ಮೇಲೆಯೇ ಮಾರುತ್ತಾರೆ; ಆ ಮರಿಗಳೂ ಭುಜದ ಮೇಲೆ ಬಂದು ಕೂರುತ್ತವೆ.

ಇಷ್ಟಾದ ಮೇಲೂ ಅವನು “ಬೇಕಾದ್ರೆ ದೇಶಿ ಗಿಳಿ ಮರಿ ಕೊಡ್ತೀನಿ, ಗಟ್ಟಿ ಮಾಲು, ಅರ್ಧ ಅಡ್ವಾನ್ಸ್ ಹಾಕಿ” ಎಂದು ಕೇಳಿದ. ನಮ್ಮ ಕಾಡಿನ, ಊರಿನ ಹಸಿರು ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದನ್ನು ಬರೆದು ಕಳುಹಿಸಿದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಬ್ಯಾಂಕಿನವರು ಹಣ ನೀವೇ ಇಷ್ಟಪಟ್ಟು ಕಳುಹಿಸಿದ್ದೀರಿ ಎಂದರು. ಸೈಬರ್ ವಂಚನೆಯ 1930ಕ್ಕೂ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇನೆ. 3,900 ರೂಪಾಯಿಗೆ ಇಷ್ಟೆಲ್ಲ ಏಕೆ ಎಂದು ಕೇಳುವ ನೆಂಟರಿದ್ದಾರೆ. ಮೋಸಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬ ಧೈರ್ಯದ ಮೇಲೆಯೇ ಇಂಥವರ ಅಂಗಡಿ ನಡೆಯುತ್ತಿರುವುದರಿಂದ ನಾನು ಬಾಯಿ ಮುಚ್ಚುವುದಿಲ್ಲ.

ಉಳಿದ ಮರಿ ವೈದ್ಯರು ಬರೆದುಕೊಟ್ಟ, ಮುದ್ರೆಯೊಡೆಯದ ಡಬ್ಬಿಯ ಫಾರ್ಮುಲಾದಿಂದ ಚೇತರಿಸಿಕೊಂಡು ಈಗ ನವಣೆ ಒಡೆಯಲು ಕಲಿಯುತ್ತಿದೆ, ಬೂದು ಬಣ್ಣದ್ದು. ನೀವು ಕೊಳ್ಳುವುದೇ ಆದರೆ ಕಣ್ಣಾರೆ ನೋಡಿ ಕೊಳ್ಳಿ. ಬಿಡಿ ಚೀಲದ ಪುಡಿಯನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಹೋಗಿ ನೋಡಲು ಆಗದಷ್ಟು ದೂರವಾದರೆ ವಿಡಿಯೊ ಕಾಲ್ ಮಾಡಿ ಮರಿ ತಾನಾಗಿ ಕಾಳು ತಿನ್ನುವುದನ್ನು ತೋರಿಸಲು ಹೇಳಿ, ಇವತ್ತು ನೆಟ್‌ವರ್ಕ್ ಸರಿಯಿಲ್ಲ ಅಕ್ಕಾ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.