ನಾಸಾ ವರ್ಲ್ಡ್‌ವ್ಯೂ: ಹೊಗೆ ಎಲ್ಲಿಂದ ಬಂತು ಅಂತ ಹೇಳುತ್ತದೆ, ಎಷ್ಟು ಕುಡಿದೆವು ಅಂತ ಹೇಳುವುದಿಲ್ಲ

ಗುರುಗ್ರಾಮದಲ್ಲಿ ಕೆಲಸ ಮಾಡುವ ಕನ್ನಡಿಗ ನಾನು. ಅಕ್ಟೋಬರ್ ಮುಗಿಯುತ್ತಾ ಬಂದರೆ ಇಲ್ಲಿ ಒಂದೇ ಜಗಳ: ಈ ಹೊಗೆ ಪಂಜಾಬಿನದೋ, ಪಟಾಕಿಯದೋ, ನಮ್ಮದೇ ಗಾಡಿಗಳದೋ? ಟಿವಿ ಚರ್ಚೆ ಕೇಳಿ ಕೇಳಿ ಸಾಕಾಗಿ, ಉಪಗ್ರಹ ಚಿತ್ರಗಳನ್ನು ತೋರಿಸುವ ನಾಸಾದ ಜಾಲತಾಣ ವರ್ಲ್ಡ್‌ವ್ಯೂ ಹಿಡಿದವನು ಇನ್ನೂ ಬಿಟ್ಟಿಲ್ಲ. ಚಳಿಗೆ ಮುಂಚೆ ಹೊಗೆ, ಬೇಸಿಗೆಯಲ್ಲಿ ಧೂಳು. ವರ್ಷವಿಡೀ ಕೆಲಸ ಇದ್ದೇ ಇರುತ್ತದೆ.

ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಉಪಗ್ರಹ ಹಾದುಹೋದ ಕೆಲವೇ ಗಂಟೆಗಳಲ್ಲಿ ಚಿತ್ರ ಬಂದಿರುತ್ತದೆ. 2000ದ ತನಕ ಹಿಂದಕ್ಕೂ ಹೋಗಬಹುದು. ಎರಡು ದಿನಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು ಗೆರೆ ಎಳೆದು ನೋಡುವ ಸೌಲಭ್ಯವಂತೂ ನನಗೆ ತುಂಬಾ ಇಷ್ಟ.

ಸಾದಾ ಬಣ್ಣದ ಚಿತ್ರದ ಮೇಲೆ ಬೆಂಕಿಯ ಕೆಂಪು ಚುಕ್ಕೆಗಳನ್ನು ಹಾಕಿಕೊಂಡರೆ ಮುಕ್ಕಾಲು ಕೆಲಸ ಆಯಿತು. ನವೆಂಬರ್ ಮೊದಲ ವಾರ ಪಂಜಾಬಿನ ಸಂಗ್ರೂರ್, ಬಠಿಂಡಾ ಕಡೆ ಚುಕ್ಕೆಗಳ ಜಾತ್ರೆ. ಅಲ್ಲಿಂದ ಬೂದು ಬಣ್ಣದ ಪಟ್ಟಿಯೊಂದು ಹಿಮಾಲಯದ ಬುಡ ಹಿಡಿದು ಆಗ್ನೇಯಕ್ಕೆ, ಅಂದರೆ ನಮ್ಮ ಕಡೆಗೇ, ಹರಿಯುತ್ತದೆ. ರೈತರನ್ನು ಬೈಯುವ ಮುಂಚೆ ಇದೊಂದು ಗೊತ್ತಿರಲಿ. ಅಂತರ್ಜಲ ಉಳಿಸಲೆಂದು ಪಂಜಾಬ್ 2009ರಲ್ಲಿ ಕಾನೂನು ಮಾಡಿ ಭತ್ತದ ನಾಟಿಯನ್ನು ಮುಂದಕ್ಕೆ ಹಾಕಿತು. ಕೊಯ್ಲೂ ತಡವಾಯಿತು, ಗೋಧಿ ಬಿತ್ತುವುದಕ್ಕೆ ಉಳಿಯುವ ದಿನಗಳು ಕಮ್ಮಿಯಾದವು. ಕೂಳೆ ತೆಗೆಯಲು ಬೆಂಕಿಗಿಂತ ಬೇಗದ ದಾರಿ ಇನ್ನೇನಿದೆ?

ಈ ಚುಕ್ಕೆಗಳನ್ನು ಎಣಿಸಿ ವಾದಕ್ಕೆ ಇಳಿಯಬೇಡಿ. ಒಂದು ಚುಕ್ಕೆ ಅಂದರೆ ಒಂದು ಹೊಲ ಅಲ್ಲ. ಉಪಗ್ರಹದಲ್ಲಿ ಬೆಂಕಿ ಗುರುತಿಸುವ ವೀರ್ಸ್ ಉಪಕರಣದ ಒಂದು ಚೌಕದ ಬದಿ 375 ಮೀಟರ್, ಹಳೆಯ ಮೋಡಿಸ್ ಉಪಕರಣದ್ದು ಒಂದು ಕಿಲೋಮೀಟರ್. ಮೋಡ ಕವಿದರೆ ಚುಕ್ಕೆಯೇ ಇಲ್ಲ. ಉಕ್ಕಿನ ಕಾರ್ಖಾನೆಗಳೂ ಕೆಂಪಾಗಿ ಕಾಣುತ್ತವೆ. ಉಕ್ಕಿನ ಕಾರ್ಖಾನೆ ಇರುವ ನಮ್ಮ ತೋರಣಗಲ್ಲಿನ ಹತ್ತಿರ ಚುಕ್ಕೆ ಕಂಡು ಕಾಡ್ಗಿಚ್ಚು ಅಂತ ಗಾಬರಿ ಆಗಬೇಡಿ. ಎಲ್ಲಕ್ಕಿಂತ ದೊಡ್ಡ ತೊಡಕು ಹೊತ್ತಿನದು. ವೀರ್ಸ್ ಇರುವ ಉಪಗ್ರಹಗಳು ಹಗಲಿನಲ್ಲಿ ಹಾಯುವುದು ಸುಮಾರು ಒಂದೂವರೆ ಗಂಟೆಗೆ. ಆಮೇಲೆ ಹಚ್ಚಿದ ಬೆಂಕಿ ಲೆಕ್ಕಕ್ಕೆ ಸಿಗುವುದೇ ಕಷ್ಟ. 2024ರಲ್ಲಿ ನಾಸಾದ ವಿಜ್ಞಾನಿ ಹಿರೇನ್ ಜೇತ್ವಾ ಇದನ್ನೇ ಎತ್ತಿ ತೋರಿಸಿದರು. ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯಾದ ಉಪಗ್ರಹದಲ್ಲಿ ಮಧ್ಯಾಹ್ನದ ನಂತರದ ಹೊಗೆ ಕಾಣುತ್ತಿತ್ತು. 'ಈ ವರ್ಷ ಬೆಂಕಿ ಕಮ್ಮಿ' ಅನ್ನುವ ಸುದ್ದಿಯನ್ನು ಅಂದಿನಿಂದ ನಾನು ಹಾಗೇ ನುಂಗುವುದಿಲ್ಲ. ನಮ್ಮ ದೇಶದ ಇನ್ಸಾಟ್ ಉಪಗ್ರಹಗಳ ಚಿತ್ರಗಳು ಅರ್ಧ ಗಂಟೆಗೊಮ್ಮೆ ಬರುತ್ತವೆ. ಅಷ್ಟು ಸ್ಪಷ್ಟವಾಗಿರುವುದಿಲ್ಲ, ಆದರೆ ಹೊಗೆ ಸಂಜೆ ಯಾವ ಕಡೆ ಸರಿಯಿತು ಅಂತ ನೋಡಲು ಸಾಕು.

ಧೂಳು ನೋಡುವುದು ಬೇರೆಯೇ ಆಟ. ರಾಜಸ್ಥಾನದ ಮರಳಿನ ಮೇಲೆ ಧೂಳು ಎದ್ದರೆ ಸಾದಾ ಚಿತ್ರದಲ್ಲಿ ಗುರುತು ಹಿಡಿಯುವುದು ಕಷ್ಟ, ಎರಡರ ಬಣ್ಣವೂ ಒಂದೇ ಅಲ್ವಾ! ಅದೇ ಧೂಳು ಸಮುದ್ರದ ಮೇಲೆ ಬಂದರೆ ಥಟ್ಟನೆ ಕಾಣುತ್ತದೆ. 2022ರ ಜನವರಿ ಕೊನೆಯಲ್ಲಿ ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬಿ ಸಮುದ್ರ ದಾಟಿ ಗುಜರಾತ್, ಮುಂಬೈ ತನಕ ಬಂದಿತ್ತು. ಆ ದಿನಗಳಿಗೆ ಹೋಗಿ ನೋಡಿ, ನೀಲಿ ನೀರಿನ ಮೇಲೆ ಕಂದು ಪಟ್ಟಿ. ನೆಲದ ಮೇಲಿನ ಧೂಳಿಗೆ, ಗಾಳಿಯಲ್ಲಿ ತೇಲುವ ಕಣಗಳನ್ನು ಬಣ್ಣದಲ್ಲಿ ತೋರಿಸುವ ಏರೋಸಾಲ್ ಇಂಡೆಕ್ಸ್ ಪದರ ಹಾಕಿಕೊಳ್ಳಿ. ಅದು ಹೊಗೆಗೂ ಧೂಳಿಗೂ ಒಂದೇ ಥರ ಕೆಂಪಾಗುತ್ತದೆ, ಯಾವುದು ಯಾವುದು ಅಂತ ಋತು ನೋಡಿ ನೀವೇ ತಿಳಿಯಬೇಕು.

ನನ್ನ ದೊಡ್ಡ ತಕರಾರು ಇಷ್ಟೇ. ಉಪಗ್ರಹ ನೋಡುವುದು ಮೇಲಿನಿಂದ ಕೆಳಗಿನ ತನಕದ ಗಾಳಿಯನ್ನೆಲ್ಲ ಒಟ್ಟಾಗಿ. ಹೊಗೆ ಎರಡು ಕಿಲೋಮೀಟರ್ ಎತ್ತರದಲ್ಲಿದೆಯೋ, ನಿಮ್ಮ ಮೂಗಿನ ಹತ್ತಿರವೇ ಇದೆಯೋ, ಚಿತ್ರ ನೋಡಿ ಹೇಳಲು ಆಗುವುದಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗಬೇಕೋ ಬೇಡವೋ ಅನ್ನುವುದಕ್ಕೆ ಗಾಳಿ ಅಳೆಯುವ ಹತ್ತಿರದ ನಿಲ್ದಾಣದ ಪಿಎಂ 2.5 (ಗಾಳಿಯಲ್ಲಿರುವ ಅತಿ ಸಣ್ಣ ಕಣಗಳು) ಅಂಕಿಯನ್ನೇ ನೋಡಿ. ಡಿಸೆಂಬರ್ ಬಂತೆಂದರೆ ಮಂಜು ಬೇರೆ ಸೇರುತ್ತದೆ. ದಟ್ಟ ಬಿಳಿ ಇದ್ದರೆ ಮಂಜು, ಕೊಳಕು ಬೂದು ಇದ್ದರೆ ಹೊಗೆ, ಎರಡೂ ಬೆರೆತರೆ ದೇವರೇ ಗತಿ.

ಫೋನಿನಲ್ಲಿ ಸ್ವಲ್ಪ ಭಾರ, ಎಲ್ಲವೂ ಇಂಗ್ಲಿಷ್‌ನಲ್ಲೇ ಇದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸಬರಿಗೆ ಇನ್ನೊಂದು: ಇದರ ದಿನಾಂಕ ನಮ್ಮ ಸಮಯದ್ದಲ್ಲ, ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಹಗಲಿನ ಚಿತ್ರಕ್ಕೆ ತೊಂದರೆ ಇಲ್ಲ. ನಡುರಾತ್ರಿ ದಾಟಿ ಒಂದೂವರೆಗೆ ಕಂಡ ಬೆಂಕಿ ಬೇಕಿದ್ದರೆ ಮಾತ್ರ ಹಿಂದಿನ ದಿನದ ತಾರೀಕಿನಲ್ಲಿ ಹುಡುಕಿ.