ಜೀನ್ಸ್ ಘಟಕದ ಲೆಕ್ಕಕ್ಕೆ ಲಿನಕ್ಸ್ ಮಿಂಟ್: ಬಳಸಿದ ಮೇಲೆ ಅನ್ನಿಸಿದ್ದು

ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು, ವಿಂಡೋಸ್ 11 ನಮ್ಮ ಹಳೇ ಕಂಪ್ಯೂಟರ್‌ಗೆ ಹಿಡಿಸಲಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿಸಿ, ಲೆಕ್ಕವನ್ನೆಲ್ಲ ಎಕ್ಸೆಲ್ ಥರದ ಹಾಳೆಗಳಿರೋ ಲಿಬ್ರೆಆಫೀಸ್‌ಗೆ ತಂದೆವು. ಎರಡಕ್ಕೂ ದುಡ್ಡಿಲ್ಲ. ಆದರೆ ನನಗೆ ಹಿಡಿಸಿದ್ದು ಅದಕ್ಕಿಂತ ಜಾಸ್ತಿ ಇನ್ನೊಂದು.

ಮೊದಲು ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು. ಮಾಡಿಕೊಟ್ಟವರು ಫೋನ್ ಎತ್ತೋದು ಬಿಟ್ಟರು, ಲೈಸೆನ್ಸ್ ಮುಗಿಯಿತು, ಹಳೇ ಲೆಕ್ಕವೆಲ್ಲ ಅದರೊಳಗೇ ಸಿಕ್ಕಿಕೊಂಡಿತು. ನಮ್ಮ ಲೆಕ್ಕ ನಮಗೇ ತೆಗೆಯೋಕೆ ಬರಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ಅಲ್ವಾ? ದೊಡ್ಡ ಕಂಪನಿಗಳೂ ಇದೇ ಪಾಡು ಪಟ್ಟಿವೆ. ಹಿಂದೆಲ್ಲ ಮೆಷಿನ್ ಕೊಟ್ಟವರ ಹತ್ತಿರವೇ ಸಾಫ್ಟ್‌ವೇರೂ ತಗೋಬೇಕಿತ್ತು, ಬೇರೆಯವರ ಮೆಷಿನ್‌ಗೆ ಹೋದರೆ ಪ್ರೋಗ್ರಾಂಗಳನ್ನೇ ಮತ್ತೆ ಬರೆಸಬೇಕಿತ್ತು. ಅದಕ್ಕೇ ಒಬ್ಬರ ಮೆಷಿನ್‌ಗೆ ಬರೆದ ಪ್ರೋಗ್ರಾಂ ಇನ್ನೊಬ್ಬರದರಲ್ಲೂ ಓಡಲಿ ಅಂತ 1984ರಲ್ಲಿ ಯುರೋಪಿನ ಕಂಪ್ಯೂಟರ್ ತಯಾರಕರು ಸೇರಿ ಎಕ್ಸ್/ಓಪನ್ ಕೂಟ ಕಟ್ಟಿದರು. 1988ರಲ್ಲಿ ಇದೇ ಉದ್ದೇಶಕ್ಕೆ, ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಆಧಾರದ ಮೇಲೆ ಪೋಸಿಕ್ಸ್ ಅನ್ನೋ ಮಾನದಂಡ ಬಂತು. ಆಮೇಲೆ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ನಮ್ಮ ಮಿಂಟ್‌ಗೂ ಬುನಾದಿಯಾದ ಲಿನಕ್ಸ್ ಶುರು ಮಾಡಿದರು, ಯುನಿಕ್ಸ್ ಥರದ ವ್ಯವಸ್ಥೆ ಸಾಮಾನ್ಯ ಪಿಸಿಗೂ ಸಿಕ್ಕಿತು. ಲಿನಕ್ಸ್ ನಂಬಿಕೊಂಡೇ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರ್‌ಗೆ ಕೊಂಡಿತು. ಸುಮ್ನೆ ಹುಡುಗರ ಹವ್ಯಾಸ ಅಂತ ತಳ್ಳಿಹಾಕೋ ಮಾತೇ ಅಲ್ಲ ಇದು.

ನಮ್ಮಲ್ಲಿ ಒಬ್ಬೊಬ್ಬ ಟೈಲರ್‌ಗೂ ಒಂದು ಹಾಳೆ. ಲಾಟ್ ನಂಬರ್, ಸೈಜು, ಜೇಬು ಎಷ್ಟು ಹೊಲಿದರು, ಬೆಲ್ಟ್ ಎಷ್ಟು ಕೂರಿಸಿದರು, ಪೀಸ್ ರೇಟು, ಕೊಟ್ಟ ಅಡ್ವಾನ್ಸು. ಬಟವಾಡೆ ದಿನ ಮೊತ್ತ ತಾನೇ ಬರುತ್ತೆ, ಹೆಸರುಗಳೂ ಕನ್ನಡದಲ್ಲೇ ಇರೋದರಿಂದ ಟೈಲರ್‌ಗಳು ಪರದೆ ನೋಡಿ ತಾವೇ ತಾಳೆ ಹಾಕ್ತಾರೆ. ಫೈಲು ಉಳಿಯೋದು ಓಡಿಎಫ್ ಅನ್ನೋ ಮುಕ್ತ ಫೈಲ್ ರೂಪದಲ್ಲಿ. ಅದು 2006ರಿಂದ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ, ನಾಳೆ ಲಿಬ್ರೆಆಫೀಸ್ ಬಿಟ್ಟರೂ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತೆ. ನನಗೆ ಬೇಕಾಗಿದ್ದು ಇಷ್ಟೇ.

ತೊಂದರೆ ಇಲ್ಲ ಅಂತಲ್ಲ. ಆಡಿಟರ್ ಬಳಸೋ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ, ಹಾಗಾಗಿ ಒಂದು ವಿಂಡೋಸ್ ಮೆಷಿನ್ ಇಟ್ಟುಕೊಂಡಿದ್ದೇವೆ. ಎಕ್ಸೆಲ್‌ನಲ್ಲಿ ಕೆಲಸ ತಾನೇ ನಡೆಯೋಕೆ ಬರೆಸಿದ್ದ ಮ್ಯಾಕ್ರೋಗಳು ಕೆಲವು ಕೈ ಕೊಟ್ಟವು. ಲೇಬಲ್ ಪ್ರಿಂಟರ್‌ಗೆ ಡ್ರೈವರ್ ಹುಡುಕೋದರಲ್ಲಿ ಸಾಕುಸಾಕಾಯ್ತು, ರಿಪೇರಿ ಅಂಗಡಿಗಳಲ್ಲಿ ಲಿನಕ್ಸ್ ಅಂದ್ರೆ ಮುಖ ನೋಡ್ತಾರೆ.

ಹಾಕಿಸೋ ಮುಂಚೆ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಓಡಿಸಿ ನೋಡಿ, ಹಾರ್ಡ್‌ಡಿಸ್ಕ್ ಮುಟ್ಟೋದೇ ಬೇಡ. ಆಗಲೇ ಪ್ರಿಂಟರ್ ಜೋಡಿಸಿ ಒಂದು ಬಿಲ್ ತೆಗೆದುಬಿಡಿ.