ನಕ್ಷತ್ರ ಚಕ್ರ: ಮುಂದೆ ಆಕಾಶ, ಬೆನ್ನಲ್ಲಿ ಹೆಸರುಗಳ ಕಥೆ

ಆಕಾಶ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಹಾಗಿರುವಾಗ ಕೈಯಲ್ಲಿ ತಿರುಗಿಸುವ ಈ ಪ್ಲಾಸ್ಟಿಕ್ ಚಕ್ರ ಯಾಕೆ? ನಾನು ತಗೊಂಡಿದ್ದು ಅದರ ಬೆನ್ನಿಗಾಗಿ. ಮುಖ್ಯ ನಕ್ಷತ್ರಗಳ ಹೆಸರು ಎಲ್ಲಿಂದ ಬಂತು, ಅರ್ಥವೇನು ಅಂತ ಅಲ್ಲಿ ಅಚ್ಚು ಹಾಕಿದ್ದಾರೆ.

ಮೊದಲು ಚಕ್ರದ ವಿಷಯ ಮುಗಿಸಿಬಿಡುತ್ತೇನೆ. ಅಂಚಿನ ತಾರೀಕನ್ನು ಗಂಟೆಗೆ ಸರಿಯಾಗಿ ಕೂಡಿಸಿದರೆ ಆ ಹೊತ್ತಿನ ಆಕಾಶ ಕಿಂಡಿಯಲ್ಲಿ ಬರುತ್ತದೆ. ತಲೆಯ ಮೇಲೆ ಎತ್ತಿ ಹಿಡಿದೇ ನೋಡಬೇಕು. ಮೇಜಿನ ಮೇಲಿಟ್ಟರೆ ಪೂರ್ವ, ಪಶ್ಚಿಮ ಅದಲುಬದಲಾಗಿರುತ್ತವೆ. ಗ್ರಹಗಳು ಇದರಲ್ಲಿಲ್ಲ. ಅವು ಜಾಗ ಬದಲಿಸುತ್ತಲೇ ಇರುತ್ತವೆ, ಅಚ್ಚು ಹಾಕೋಕಾಗಲ್ಲ ಅಲ್ವಾ? ಚಕ್ರ ಸಲೀಸಾಗಿ ತಿರುಗುತ್ತದೆ, ಬ್ಯಾಟರಿ ಬೇಡ, ಅಷ್ಟು ಸಾಕು.

ಇನ್ನು ಬೆನ್ನು. ಅದನ್ನು ಓದಿದ ಮೇಲೆ ಈ ಹೆಸರುಗಳೆಲ್ಲ ವಿಳಾಸಗಳು ಅನ್ನೋದು ಗೊತ್ತಾಗುತ್ತದೆ. ಅರಬ್ಬಿಯಲ್ಲಿ ‘ದನಬ್’ ಅಂದರೆ ಬಾಲ. ಹಂಸದ ಬಾಲದಲ್ಲಿರುವುದು ಡೆನೆಬ್, ಸಿಂಹದ ಬಾಲದ ತುದಿಯಲ್ಲಿರುವುದು ಡೆನೆಬೋಲಾ, ಮಕರದ ಬಾಲದಲ್ಲಿರುವುದು ಡೆನೆಬ್ ಅಲ್ಗೇಡಿ. ಒಂದು ಪದ ಹಿಡಿದುಕೊಂಡರೆ ಮೂರು ಚುಕ್ಕಿ ಸಿಗುತ್ತವೆ. ರೈಜಲ್ ಅಂದರೆ ಕಾಲು, ಬೇಟೆಗಾರನ ಆಕಾರದ ಓರಾಯನ್ ನಕ್ಷತ್ರಪುಂಜದ ಕಾಲಲ್ಲೇ ಇದೆ. ಅಲ್ಡೆಬರಾನ್ ಅಂದರೆ ಹಿಂಬಾಲಿಸುವವನು. ಕೃತ್ತಿಕೆ ಮೂಡಿದ ಸ್ವಲ್ಪ ಹೊತ್ತಿಗೆ ಅದರ ಬೆನ್ನಿಗೇ ಬರುತ್ತದೆ, ಸುಮ್ನೆ ಇಟ್ಟ ಹೆಸರಲ್ಲ. ಸ್ವಾತಿಗೆ ಗ್ರೀಕರು ಕೊಟ್ಟ ಹೆಸರು ಆರ್ಕ್ಟುರಸ್, ಅಂದರೆ ಕರಡಿಯ ಕಾವಲುಗಾರ. ಸಪ್ತರ್ಷಿ ಮಂಡಲ ಅವರಿಗೆ ಕರಡಿ. ಅದರ ಬಾಲದ ಬಾಗನ್ನೇ ಮುಂದುವರಿಸಿದರೆ ನೇರ ಈ ಕಾವಲುಗಾರನ ಹತ್ತಿರ ಹೋಗಿ ನಿಲ್ಲುತ್ತೀರಿ.

ಎಡವಿರುವುದು ಬೀಟಲ್‌ಜ್ಯೂಸ್ ಹತ್ತಿರ, ನಮ್ಮ ಆರ್ದ್ರಾ ನಕ್ಷತ್ರ. ‘ದೈತ್ಯನ ಕಂಕುಳು’ ಅಂತ ಬರೆದುಬಿಟ್ಟಿದ್ದಾರೆ. ಹಳೆಯ ತಪ್ಪು ಇದು. ಮೂಲ ಅರಬ್ಬಿ ‘ಯದ್ ಅಲ್-ಜೌಝಾ’, ಅಂದರೆ ಜೌಝಾಳ ಕೈ. ಓರಾಯನ್ ಇರುವ ಕಡೆ ಅರಬ್ಬರು ಕಂಡ ಹೆಣ್ಣಿನ ಆಕೃತಿ ಈ ಜೌಝಾ. ಅರಬ್ಬಿಯಲ್ಲಿ ಪದದ ಮೊದಲಿಗೆ ಬರುವ ‘ಯ’ ಮತ್ತು ‘ಬ’ ಒಂದೇ ಆಕಾರದವು. ‘ಯ’ಗೆ ಕೆಳಗೆ ಎರಡು ಚುಕ್ಕೆ, ‘ಬ’ಗೆ ಒಂದು. ಮಧ್ಯಯುಗದಲ್ಲಿ ಲ್ಯಾಟಿನ್‌ಗೆ ಬರುವಾಗ ‘ಯ’ವನ್ನು ‘ಬ’ ಅಂತ ಓದಿದರು. ಆಮೇಲೆ ಬಂದ ಯುರೋಪಿನ ಪಂಡಿತರು ಆ ತಪ್ಪು ಪದಕ್ಕೊಂದು ಅರ್ಥ ಹುಡುಕಲು ಹೋಗಿ ಕಂಕುಳಿಗೆ ಬಂದು ಮುಟ್ಟಿದರು. ಜರ್ಮನಿಯ ಅರಬ್ಬಿ ವಿದ್ವಾಂಸ ಪಾಲ್ ಕುನಿಟ್ಜ್ ಇದನ್ನು ಬಿಡಿಸಿ ತೋರಿಸಿ ಎಷ್ಟೋ ಕಾಲವಾಯ್ತು. ಹೆಸರುಗಳ ಅರ್ಥವನ್ನೇ ತೋರಿಸಿ ಮಾರುವವರು ಇಷ್ಟಾದರೂ ನೋಡಿಕೊಳ್ಳಬೇಕಿತ್ತು. ಎಲ್ಲಕ್ಕಿಂತ ಒಳ್ಳೆಯ ಕಥೆಯೇ ಕೈತಪ್ಪಿದೆ.

ಅಲ್ಗಾಲ್‌ಗೆ ಕೊಟ್ಟಿರುವುದು ‘ಪಿಶಾಚಿಯ ತಲೆ’ ಅನ್ನೋ ಒಂದೇ ಸಾಲು. ಸುಮಾರು 2 ದಿನ 21 ಗಂಟೆಗೊಮ್ಮೆ ಜೋಡಿ ನಕ್ಷತ್ರ ಅಡ್ಡ ಬಂದು ಅದು ಮಂಕಾಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ ಅಂತ ಸೇರಿಸಬಹುದಿತ್ತು. ಅಭಿಜಿತ್, ಶ್ರವಣ, ರೋಹಿಣಿ ಇಂಥ ಹೆಸರುಗಳಂತೂ ಒಂದೂ ಇಲ್ಲ. ನಾನೇ ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಂಡೆ. ಪ್ಲಾಸ್ಟಿಕ್ ಮೇಲೆ ಪೆನ್ಸಿಲ್ ಹಿಡಿಯಲ್ಲ, ಮಾರ್ಕರ್ ಬೇಕು.

ಅಕ್ಷರ ತುಂಬ ಸಣ್ಣದು. ಕತ್ತಲಲ್ಲಿ ಓದೋಕೆ ಮಂದ ಕೆಂಪು ಟಾರ್ಚ್ ಇಟ್ಟುಕೊಳ್ಳಿ, ಬಿಳಿ ಬೆಳಕಾದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹಿಡಿದೀತು. ಕೊಳ್ಳುವ ಮುಂಚೆ ಯಾವ ಅಕ್ಷಾಂಶಕ್ಕೆ ಮಾಡಿದ್ದು ಅಂತ ತಪ್ಪದೆ ನೋಡಿ. 50 ಡಿಗ್ರಿ ಉತ್ತರಕ್ಕೆ ಮಾಡಿದ ಚಕ್ರವನ್ನು 15 ಡಿಗ್ರಿಯಲ್ಲಿ ನಿಂತು ತಿರುಗಿಸಿದರೆ ದಕ್ಷಿಣದ ಎಷ್ಟೋ ಚುಕ್ಕಿಗಳು ಕಿಂಡಿಗೇ ಬರಲ್ಲ.